ಮಡಚು, ನೀಡು, ಅಂಗಾತ, ಬೋರಲು
(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಹೊರಗಿನಿಂದ ಬಂದ ಅತಿಥಿಗಳಲ್ಲ. ಇದೇ ಊರಿನ ಮೇಲಿನ ಬೀದಿಯವರು. ಬೆಳಿಗ್ಗೆ ಅವ್ವ ಕರೆದ ಹಾಲನ್ನು ಡೈರಿಗೆ ಹಾಕಿ, ಪುಸ್ತಕದಲ್ಲಿ ಬರೆಸಿಕೊಂಡು, ಆಮೇಲೆ ಶಾಲೆಗೆ ಓಡಿದವರು. ಹಾಲಿನ ಬಟವಾಡೆಯ ದುಡ್ಡಿನಲ್ಲೇ ನಮ್ಮ ಫಿಜಿಯೋಥೆರಪಿ ಓದು ನಡೆದದ್ದು. ಆದ್ದರಿಂದ ಇಲ್ಲಿ ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂರಲು ಸ್ವಲ್ಪ ನಾಚಿಕೆಯೇ ಆಯಿತು.

ಕಾರ್ಯದರ್ಶಿಗಳು ಫೋನ್ ಮಾಡಿ, "ಕೀಲುನೋವಿನ ವಿಚಾರ ಮಾತಾಡಿ, ಜನಕ್ಕೆ ಉಪಯೋಗ ಆಗ್ತದೆ" ಎಂದರು. ಕೀಲುನೋವಿಗೆ ಏನು ಮಾತ್ರೆ, ಯಾವ ಎಣ್ಣೆ ಎಂದು ಹೇಳುತ್ತೇವೆಂದು ನೀವು ಕಾದಿರಬಹುದು. ಅದು ಒಬ್ಬೊಬ್ಬರಿಗೆ ಒಂದೊಂದು, ವೇದಿಕೆಯ ಮೇಲಿಂದ ಹೇಳುವಂಥದ್ದಲ್ಲ. ಕೀಲು ಹೇಗೆ ಹೇಗೆ ಆಡುತ್ತದೆ, ಆ ಆಟಗಳಿಗೆ ಹೆಸರೇನು, ಇಷ್ಟನ್ನು ಹೇಳುತ್ತೇವೆ. ಹೆಸರು ತಿಳಿದು ಏನಾಗಬೇಕು ಎಂದು ಕೇಳುವವರಿಗೆ ನಮ್ಮ ಮನೆಯದೇ ಒಂದು ಸಂಗತಿ ಮೊದಲು ಹೇಳಬೇಕು.

ನಾವು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅವ್ವ ಪ್ರತಿ ಭಾನುವಾರ ಫೋನಿನಲ್ಲಿ, "ಬಲದ ತೋಳು ನೋಯ್ತದೆ ಕಣೋ" ಎನ್ನುತ್ತಿದ್ದರು. "ಹಾಲು ಕರೆದೂ ಕರೆದೂ ಹಂಗಾಗಿದೆ, ಎಣ್ಣೆ ಹಚ್ಚವ್ವಾ" ಎನ್ನುತ್ತಿದ್ದೆವು. ಪಟ್ಟಣದ ಒಬ್ಬ ಡಾಕ್ಟರ ಹತ್ತಿರ ತೋರಿಸಿದರು. ಅಲ್ಲೂ ತೋಳು ನೋವು ಎಂದೇ ಹೇಳಿದರು, ತೋಳಿಗೆ ಇಂಜೆಕ್ಷನ್ ಆಯಿತು. ಹೀಗೆ ಎಂಟು ತಿಂಗಳು. ಹಬ್ಬಕ್ಕೆ ಊರಿಗೆ ಬಂದಾಗ ನೋಡಿದೆವು, ಅವ್ವ ಬಾಗಿಲಲ್ಲಿ ಕೂತಿದ್ದಾರೆ, ತಂಗಿ ಹಿಂದೆ ನಿಂತು ಅವರ ತುರುಬು ಕಟ್ಟುತ್ತಿದ್ದಾಳೆ. "ಯಾಕವ್ವಾ, ನೀನೇ ಕಟ್ಕೊಳಲ್ವಾ?" ಅಂದರೆ, "ಕೈ ಹಿಂದಕ್ಕೆ ಹೋಗಲ್ಲ ಕಣೋ, ಹೋದ ಯುಗಾದಿಯಿಂದ ಇವಳೇ ಕಟ್ತಾಳೆ" ಎಂದರು. ಮೊಣಕೈಯನ್ನು ಪಕ್ಕೆಗೆ ಒತ್ತಿ ಇಟ್ಟುಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸು ಎಂದೆವು. ಎಡಗೈ ಬಾಗಿಲು ತೆಗೆದ ಹಾಗೆ ಹೊರಗೆ ಹೋಯಿತು. ಬಲಗೈ ಅಲ್ಲಾಡಲಿಲ್ಲ. ನಾವೇ ಹಿಡಿದು ಮೆಲ್ಲನೆ ತಿರುಗಿಸಿದರೂ ಬರಲಿಲ್ಲ. ತೋಳಿಗೆ ಏನೂ ಆಗಿರಲಿಲ್ಲ, ಹೆಗಲಿನ ಕೀಲಿನ ಚೀಲ ಬಿಗಿದುಕೊಂಡಿತ್ತು. 1934ರಲ್ಲಿ ಅಮೆರಿಕದ ಕಾಡ್ಮನ್ ಎಂಬ ಶಸ್ತ್ರವೈದ್ಯರು ಇದಕ್ಕೆ ಫ್ರೋಜನ್ ಶೋಲ್ಡರ್ ಎಂದು ಹೆಸರಿಟ್ಟರು, ಹೆಪ್ಪುಗಟ್ಟಿದ ಹೆಗಲು ಎನ್ನಬಹುದು. ಇದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಟ್ಟಿಹೋಗುವುದು ಹೊರಕ್ಕೆ ತಿರುಗುವ ಆಟ.

ಸಕ್ಕರೆ ಕಾಯಿಲೆ ಇರುವವರಿಗೆ ಈ ತೊಂದರೆ ಉಳಿದವರಿಗಿಂತ ಹೆಚ್ಚಾಗಿ ಬರುತ್ತದೆ. ಮಾರನೇ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಏರಿ ಕೂತಿತ್ತು. ಎಷ್ಟು ಕಾಲದಿಂದ ಇತ್ತೋ, ಆಗಲೇ ಪಾದದ ಸ್ಪರ್ಶ ಕುಗ್ಗಿತ್ತು. ಅವ್ವ "ತುರುಬು ಕಟ್ಟಕ್ಕಾಗಲ್ಲ" ಎಂದು ಎಂಟು ತಿಂಗಳ ಹಿಂದೆ ಹೇಳಿದ್ದರೆ, ಅಥವಾ ಯಾವ ಆಟ ನಿಂತಿದೆ ಎಂದು ಆ ಡಾಕ್ಟರು ಕೇಳಿದ್ದರೆ, ಅಥವಾ ಇದೇ ವಿದ್ಯೆ ಓದುತ್ತಿದ್ದ ನಾವು ಕೇಳಿದ್ದರೆ! ಮೂರೂ ಆಗಲಿಲ್ಲ. ಎಲ್ಲರೂ ನೋವು ಎಲ್ಲಿ ಎಂದು ಹೇಳಿದೆವು, ಕೇಳಿದೆವು. ಏನು ಮಾಡಲು ಆಗುತ್ತಿಲ್ಲ ಎಂಬುದು ಮಾತಿಗೆ ಬರಲೇ ಇಲ್ಲ.

ಅದಕ್ಕೇ ಈ ಹೆಸರುಗಳು. ವೈದ್ಯಕೀಯ ಪುಸ್ತಕದಲ್ಲಿ ಇವು ಲ್ಯಾಟಿನ್ ಮೂಲದ ಗಡುಸು ಶಬ್ದಗಳು. ನಾವು ಮೊದಲನೇ ವರ್ಷದಲ್ಲಿ ಬಾಯಿಪಾಠ ಹೊಡೆದು ಬೆವರಿದ್ದೇವೆ. ಆಮೇಲೆ ನಿಧಾನವಾಗಿ ಹೊಳೆಯಿತು, ಇವುಗಳಲ್ಲಿ ಮುಕ್ಕಾಲು ಪಾಲು ಮಾತು ನಮ್ಮ ಹಟ್ಟಿಯಲ್ಲೇ ಇದೆ, ಅದೂ ಇಂಗ್ಲಿಷಿಗಿಂತ ಸಲೀಸಾಗಿ ಇದೆ ಎಂದು.

ಇಲ್ಲಿ ನಿಂತಿರುವ ಹುಡುಗನನ್ನು ನೋಡಿ. ಏಳನೇ ಕ್ಲಾಸಿನವನು, ಧೈರ್ಯವಾಗಿ ಬಂದಿದ್ದಾನೆ, ಒಂದು ಚಪ್ಪಾಳೆ ಹೊಡೆಯಿರಿ. ನೆಟ್ಟಗೆ ನಿಂತು ಮುಖ ಮುಂದಕ್ಕೆ, ಕೈ ಪಕ್ಕಕ್ಕೆ ಇಳಿಬಿಟ್ಟು, ಅಂಗೈ ನಿಮ್ಮ ಕಡೆಗೆ ತೋರಿಸುತ್ತಿದ್ದಾನೆ. ಪ್ರಪಂಚದ ಯಾವ ವೈದ್ಯರಾದರೂ ಲೆಕ್ಕ ಶುರು ಮಾಡುವುದು ಈ ನಿಲುವಿನಿಂದ. ಡೈರಿಯಲ್ಲಿ ಹಾಲು ತೂಗುವ ಮೊದಲು ಯಂತ್ರವನ್ನು ಸೊನ್ನೆಗೆ ತರುತ್ತಾರಲ್ಲ, ಹಾಗೆ ಇದು ದೇಹದ ಸೊನ್ನೆ. ಇಲ್ಲಿಂದ ಕೀಲು ಎಷ್ಟು ಆಡಿತು ಎಂದು ಡಿಗ್ರಿಯಲ್ಲಿ ಅಳೆಯುತ್ತೇವೆ. ಡಿಗ್ರಿ ಎಂದರೆ ಲ್ಯಾಕ್ಟೋಮೀಟರ್ ನೆನಪಾಗಿ ಗಾಬರಿಯಾಗಬೇಡಿ! ಇದು ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿರುವ ಕೋನಮಾಪಕದ ಡಿಗ್ರಿ. ನಮ್ಮ ಉಪಕರಣವೂ ಅದೇ, ಅದಕ್ಕೆ ಎರಡು ಕಡ್ಡಿ ಸೇರಿಸಿರುತ್ತಾರೆ, ಅಷ್ಟೇ.

ಮೊದಲ ಜೋಡಿ ಫ್ಲೆಕ್ಷನ್ ಮತ್ತು ಎಕ್ಸ್‌ಟೆನ್ಷನ್. ನಮ್ಮ ಮಾತಿನಲ್ಲಿ ಮಡಚು ಮತ್ತು ನೀಡು. "ಕಾಲು ನೀಡ್ಕೊಂಡು ಕೂತ್ಕೋ" ಎನ್ನುತ್ತೀರಿ. ಅದೇ ಮಂಡಿಯ ಎಕ್ಸ್‌ಟೆನ್ಷನ್. ಮೊಣಕೈ ಪೂರಾ ಮಡಚಿದರೆ ಸುಮಾರು 150 ಡಿಗ್ರಿ, ಮಂಡಿ ಸುಮಾರು 135, ಕುಕ್ಕರಗಾಲಲ್ಲಿ ಕೂತು ಅಭ್ಯಾಸವಿರುವ ನಮ್ಮಂಥವರಿಗೆ ಇನ್ನೂ ಸ್ವಲ್ಪ ಹೆಚ್ಚು. ನಮ್ಮ ಹಿಂದಿನವರೂ ಈ ಜೋಡಿಯನ್ನು ಕಂಡಿದ್ದರು. ಕಣಾದರ ವೈಶೇಷಿಕ ಸೂತ್ರದಲ್ಲಿ ಐದು ಬಗೆಯ ಕ್ರಿಯೆಗಳ ಎಣಿಕೆ ಇದೆ. ಮೇಲೆತ್ತುವುದು, ಕೆಳಗಿಳಿಸುವುದು, ಆಕುಂಚನ, ಪ್ರಸಾರಣ, ಗಮನ. ಆಕುಂಚನ ಅಂದರೆ ಮಡಚು, ಪ್ರಸಾರಣ ಅಂದರೆ ನೀಡು. ಸುಶ್ರುತ ಸಂಹಿತೆಯ ಶಾರೀರ ಸ್ಥಾನದಲ್ಲಿ ದೇಹದ ಸಂಧಿಗಳನ್ನು 210 ಎಂದು ಎಣಿಸಿ, ಆಡುವ ಸಂಧಿ, ಆಡದ ಸಂಧಿ ಎಂದು ವಿಂಗಡಿಸಿ, ಆಕಾರದಂತೆ ಎಂಟು ಹೆಸರು ಕೊಟ್ಟಿದ್ದಾರೆ. ಕಂಕುಳು ಮತ್ತು ತೊಡೆಸಂದಿನ ಕೀಲಿಗೆ ಉಲೂಖಲ ಎಂದು ಹೆಸರು. ಉಲೂಖಲ ಎಂದರೆ ಒರಳು. ಒರಳಿನಲ್ಲಿ ಒನಕೆಯ ತುದಿ ಯಾವ ದಿಕ್ಕಿಗಾದರೂ ವಾಲುತ್ತದೆ, ಸುತ್ತುತ್ತದೆ. ಇಂದಿನ ಪುಸ್ತಕದ ಬಾಲ್ ಅಂಡ್ ಸಾಕೆಟ್ ಕೀಲನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನಮಗಂತೂ ಆಗಿಲ್ಲ.

ಇಲ್ಲೊಂದು ಅನುಮಾನ ಬರಬಹುದು. ಮೊಣಕೈ ಮಡಚಿದರೆ ಕೈ ಮುಂದಕ್ಕೆ ಬರುತ್ತದೆ, ಮಂಡಿ ಮಡಚಿದರೆ ಕಾಲು ಹಿಂದಕ್ಕೆ ಹೋಗುತ್ತದೆ, ಎರಡಕ್ಕೂ ಒಂದೇ ಹೆಸರೇ? ಹೌದು, ಒಂದೇ. ತಾಯಿಯ ಹೊಟ್ಟೆಯಲ್ಲಿ ಎರಡನೇ ತಿಂಗಳಲ್ಲಿ ಮಗುವಿನ ತೋಳು ಹೊರಕ್ಕೂ ಕಾಲು ಒಳಕ್ಕೂ ತಿರುಗಿಕೊಳ್ಳುತ್ತವೆ. ಆದ್ದರಿಂದ ಮೊಣಕೈ ಹಿಂದಕ್ಕೆ, ಮಂಡಿ ಮುಂದಕ್ಕೆ ಮುಖ ಮಾಡಿದವು.

ಹಸುವಿನ ವಿಚಾರ ಬಿಟ್ಟರೆ ಈ ಸಭೆಯಲ್ಲಿ ನಮ್ಮನ್ನು ಯಾರೂ ಕ್ಷಮಿಸುವುದಿಲ್ಲ. ಹಸುವಿನ ಹಿಂಗಾಲಿನ ಮಂಡಿ ನಮ್ಮ ಮಂಡಿಗೆ ವಿರುದ್ಧವಾಗಿ ಹಿಂದಕ್ಕೆ ಚಾಚಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಮಂಡಿಯೇ ಅಲ್ಲ, ಹಸುವಿನ ಹಿಮ್ಮಡಿ! ನಿಜವಾದ ಮಂಡಿ ಮೇಲೆ ಹೊಟ್ಟೆಯ ಪಕ್ಕದಲ್ಲಿ ಚರ್ಮದ ಮಡಿಕೆಯ ಹತ್ತಿರ ಇದೆ, ಅದು ನಮ್ಮಂತೆಯೇ ಮುಂದಕ್ಕೆ ಮುಖ ಮಾಡಿದೆ. ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ಅದರ ಮಣಿಕಟ್ಟು. ಅಂದರೆ ಹಸು ಜೀವಮಾನವೆಲ್ಲ ಬೆರಳ ತುದಿಯಲ್ಲಿ ನಿಂತಿರುತ್ತದೆ, ಗೊರಸು ಅದರ ಉಗುರು.

ಎರಡನೇ ಜೋಡಿ ಅಗಲಿಸು ಮತ್ತು ಕೂಡಿಸು. ಕೈಕಾಲನ್ನು ದೇಹದ ನಡುಗೆರೆಯಿಂದ ದೂರ ಒಯ್ದರೆ ಅಗಲಿಸಿದ್ದು, ನಡುಗೆರೆಯ ಕಡೆಗೆ ತಂದರೆ ಕೂಡಿಸಿದ್ದು. ಬೆರಳುಗಳಿಗೆ ನಡುಗೆರೆ ಎಂದರೆ ನಡುಬೆರಳು, ಅದರಿಂದ ದೂರವಾದರೆ ಅಗಲಿಸಿದ ಹಾಗೆ. ಕರೆಯುವಾಗ ಒದೆ ತಿಂದವರಿಗೆ ಗೊತ್ತು, ಹಸು ಹಿಂಗಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸಿ ಒದೆಯುತ್ತದೆ. ಕುದುರೆ ಹಾಗೆ ಸುಲಭವಾಗಿ ಪಕ್ಕಕ್ಕೆ ಒದೆಯಲಾರದು, ಹಿಂದಕ್ಕೇ ಒದೆಯುತ್ತದೆ. ಕುದುರೆಯ ತೊಡೆಸಂದಿನ ಒರಳಿನಲ್ಲಿ ಒಂದು ಹೆಚ್ಚುವರಿ ಕಟ್ಟು ಇದೆ, ಅದು ಕಾಲು ಅಗಲಿಸದಂತೆ ಎಳೆದು ಹಿಡಿಯುತ್ತದೆ. ಹಸುವಿಗೆ ಆ ಕಟ್ಟು ಇಲ್ಲ. ಹಾಲು ಕರೆಯುವವರ ಪುಣ್ಯ ಅಷ್ಟೇ!

ಇಂಗ್ಲಿಷಿನಲ್ಲಿ ಅಗಲಿಸುವುದಕ್ಕೆ ಅಬ್ಡಕ್ಷನ್, ಕೂಡಿಸುವುದಕ್ಕೆ ಅಡಕ್ಷನ್. ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಅರ್ಥ ಪೂರ್ವ ಪಶ್ಚಿಮ. ಡಾಕ್ಟರುಗಳೇ ಒಬ್ಬರಿಗೊಬ್ಬರು ಹೇಳುವಾಗ ತಪ್ಪಾಗದಿರಲಿ ಎಂದು "ಎ-ಬಿ ಡಕ್ಷನ್", "ಎ-ಡಿ ಡಕ್ಷನ್" ಎಂದು ಅಕ್ಷರ ಬಿಡಿಸಿ ಹೇಳುತ್ತಾರೆ. ಆದರೆ ರೋಗಿಯ ಕೈಗೆ ಚೀಟಿ ಕೊಡುವಾಗ ಈ ಎಚ್ಚರ ಇರುವುದಿಲ್ಲ.

ಪಕ್ಕದ ಹೋಬಳಿಯ ಒಬ್ಬ ಹಿರಿಯರು, ಎಪ್ಪತ್ತು ದಾಟಿದವರು, ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ ಬಿದ್ದರು. ತೊಡೆಮೂಳೆಯ ಕತ್ತು ಮುರಿಯಿತು. ಒಂದು ಆಸ್ಪತ್ರೆಯಲ್ಲಿ ಮೂಳೆಯ ಗುಂಡು ತೆಗೆದು ಲೋಹದ್ದು ಕೂರಿಸಿದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಮೂರು ಮಾತು ಇಂಗ್ಲಿಷಿನಲ್ಲಿ ಬರೆದಿತ್ತು. ಅಡಕ್ಷನ್ ಮಾಡಬಾರದು, ಇಂಟರ್ನಲ್ ರೊಟೇಷನ್ ಮಾಡಬಾರದು, 90ಕ್ಕಿಂತ ಹೆಚ್ಚು ಫ್ಲೆಕ್ಷನ್ ಮಾಡಬಾರದು. ಪಿಯುಸಿ ಓದುವ ಮೊಮ್ಮಗ ನಿಘಂಟು ತೆಗೆದು ಹುಡುಕಿದ. ಅವನ ಕಣ್ಣಿಗೆ ಬಿದ್ದದ್ದು ಪಕ್ಕದ ಶಬ್ದ ಅಬ್ಡಕ್ಷನ್, ಅರ್ಥ ಅಪಹರಣ. "ತಾತಾ, ನೀನು ಯಾರನ್ನೂ ಕಿಡ್ನಾಪ್ ಮಾಡಬಾರದಂತೆ" ಎಂದ. ಮನೆಯವರೆಲ್ಲ ನಕ್ಕರು. ಚೀಟಿ ಗೂಡಿಗೆ ಸೇರಿತು.

ಆ ಮನೆಯ ಎರಡು ಹಸುಗಳಲ್ಲಿ ಒಂದು ಆ ಅಜ್ಜನಿಗೆ ಬಿಟ್ಟು ಬೇರೆಯವರಿಗೆ ಸೊರೆ ಬಿಡುತ್ತಿರಲಿಲ್ಲ. ಇಪ್ಪತ್ತು ದಿನ ಸುಮ್ಮನಿದ್ದವರು ಒಂದು ಬೆಳಿಗ್ಗೆ ಗೋಡೆ ಹಿಡಿದು ಕೊಟ್ಟಿಗೆಗೆ ಹೋಗಿ, ಗಿಡ್ಡ ಮಣೆ ಎಳೆದುಕೊಂಡು ಕೂತರು. ಗಿಡ್ಡ ಮಣೆಯಲ್ಲಿ ಕೂತಾಗ ತೊಡೆಸಂದು 90ಕ್ಕಿಂತ ಹೆಚ್ಚು ಮಡಚಿತು. ಕೆಚ್ಚಲ ಕಡೆಗೆ ವಾಲಿದಾಗ ತೊಡೆ ನಡುಗೆರೆ ದಾಟಿ ಕೂಡಿತು. ಮಂಡಿ ಒಳಕ್ಕೆ ತಿರುಗಿತು. ಚೀಟಿಯಲ್ಲಿ ಬೇಡವೆಂದ ಮೂರೂ ಒಂದೇ ಕ್ಷಣದಲ್ಲಿ ಆದವು, ಗುಂಡು ಒರಳಿನಿಂದ ಹಿಂದಕ್ಕೆ ಹಾರಿತು. ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿ ಬಿದ್ದಿತ್ತು. ಎರಡನೇ ಆಪರೇಷನ್ ಆಯಿತು. ಆಮೇಲೆ ವ್ಯಾಯಾಮ ಹೇಳಿಕೊಡಲು ಅವರ ಮನೆಗೆ ಹೋದವರು ನಾವು. ಅಷ್ಟರಲ್ಲಿ ಎರಡೂ ಹಸು ಮಾರಿ ಆಸ್ಪತ್ರೆಗೆ ಕಟ್ಟಿದ್ದರು. ಅಜ್ಜ ಆ ಚೀಟಿ ತೋರಿಸಿ, "ಇದರಲ್ಲಿ ಏನು ಬರೆದದೆ ಓದಪ್ಪಾ" ಎಂದರು. ಓದಿದೆವು. "ಕಾಲಿನ ಮೇಲೆ ಕಾಲು ಹಾಕಬೇಡ, ಮಂಡಿ ಒಳಕ್ಕೆ ತಿರುಗಿಸಬೇಡ, ಗಿಡ್ಡ ಮಣೆಯಲ್ಲಿ ಕೂರಬೇಡ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ?" ಎಂದರು.

ಆವತ್ತಿನಿಂದ ನಾವು ಯಾರಿಗೆ ಚೀಟಿ ಬರೆದುಕೊಟ್ಟರೂ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇವೆ. ನಿಮ್ಮ ಕೈಗೆ ಇಂಗ್ಲಿಷ್ ಚೀಟಿ ಬಂದರೆ ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮುಂಚೆ ಕೇಳಿ, "ಸಾರ್, ಇದನ್ನ ಮಾಡಿ ತೋರಿಸಿ" ಎಂದು. ಕೇಳುವುದಕ್ಕೆ ಸಂಕೋಚ ಬೇಡ. ಫ್ಯಾಟು ಕಡಿಮೆ ಬಂದರೆ ಇನ್ನೊಂದು ಸಲ ಟೆಸ್ಟ್ ಮಾಡಿ ಎಂದು ನಮ್ಮ ಕಾರ್ಯದರ್ಶಿಗಳ ಮೇಲೆ ಜೋರು ಮಾಡುವವರು ಡಾಕ್ಟರ ಮುಂದೆ ಯಾಕೆ ಬಾಯಿ ಮುಚ್ಚಿಕೊಳ್ಳಬೇಕು?

ಮೂರನೆಯದು ತಿರುವು. ಕೀಲು ತನ್ನ ಅಚ್ಚಿನ ಮೇಲೆ ತಾನೇ ತಿರುಗುವುದು. ಒಳಮುಖ, ಹೊರಮುಖ ಎರಡು ಬಗೆ. ಹೆಂಗಸರು ತುರುಬು ಕಟ್ಟುವಾಗ ಹೆಗಲು ಅಗಲಿ ಹೊರಕ್ಕೆ ತಿರುಗುತ್ತದೆ. ಕೈಯನ್ನು ಬೆನ್ನ ಹಿಂದೆ ಒಯ್ದು ಸೆರಗು ಸಿಕ್ಕಿಸುವಾಗ ಒಳಕ್ಕೆ ತಿರುಗುತ್ತದೆ. ಗಂಡಸರಿಗಾದರೆ ಪಂಚೆಯ ಹಿಂದಿನ ಕಚ್ಚೆ ಸಿಕ್ಕಿಸುವುದು. ಈ ಎರಡು ಕೆಲಸ ಆಗುತ್ತದೋ ಇಲ್ಲವೋ ಎಂದು ಹೇಳಿದರೆ ಹೆಗಲಿನ ಅರ್ಧ ಪರೀಕ್ಷೆ ಮುಗಿದ ಹಾಗೆ. ಕವಣೆ ಬೀಸುವಾಗ, ಮಡಚು, ಅಗಲಿಸು, ನೀಡು, ಕೂಡಿಸು ನಾಲ್ಕೂ ಸಾಲಾಗಿ ಬಂದು ಕೈ ಸುತ್ತು ಹಾಕುತ್ತದೆ. ಅದಕ್ಕೆ ಬೇರೆ ಹೆಸರಿದೆ, ಅದು ಇರಲಿ.

ಕತ್ತಿನದು ಒಂದು ಮೋಜು. ತಲೆಬುರುಡೆ ಮತ್ತು ಮೊದಲನೇ ಕತ್ತಿನ ಮೂಳೆಯ ನಡುವಿನ ಕೀಲು ಮೇಲೆ ಕೆಳಗೆ ಆಡುತ್ತದೆ, ಅದು ಹೂಂ ಎನ್ನುವ ಕೀಲು. ಮೊದಲನೆಯ ಮತ್ತು ಎರಡನೆಯ ಮೂಳೆಗಳ ನಡುವಿನದು ಪಕ್ಕಕ್ಕೆ ತಿರುಗುತ್ತದೆ, ಅದು ಉಹೂಂ ಎನ್ನುವ ಕೀಲು. ಕತ್ತು ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಆ ಒಂದೇ ಕೀಲಿನದು.

ಈಗ ನಮಗೆ ಬಹಳ ಇಷ್ಟವಾದ ಜೋಡಿಗೆ ಬರೋಣ. ಮುಂಗೈಯನ್ನು ಅಂಗೈ ಮೇಲಾಗುವಂತೆ ತಿರುಗಿಸುವುದಕ್ಕೆ ಸುಪಿನೇಷನ್, ಅಂಗೈ ಕೆಳಗಾಗುವಂತೆ ತಿರುಗಿಸುವುದಕ್ಕೆ ಪ್ರೊನೇಷನ್. ನಮ್ಮ ತರಗತಿಯಲ್ಲಿ ಅರ್ಧ ಜನ ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಬರೆದವರೇ. ಲ್ಯಾಟಿನ್ ಮೂಲ ನೋಡಿದರೆ ಸುಪೈನ್ ಎಂದರೆ ಅಂಗಾತ, ಪ್ರೋನ್ ಎಂದರೆ ಬೋರಲು. ಮಗು ಅಂಗಾತ ಮಲಗಿದೆ, ಬೋರಲು ಬಿತ್ತು ಎನ್ನುತ್ತೇವೆ. ತೊಳೆದ ಕ್ಯಾನನ್ನು ಬೋರಲು ಹಾಕುತ್ತೇವೆ. ತೀರ್ಥಕ್ಕೆ ಒಡ್ಡಿದ ಕೈ ಅಂಗಾತ, ಕ್ಯಾನಿನಿಂದ ಹಾಲು ಸುರಿಯುವ ಕೈ ಬೋರಲು. ಇದನ್ನು ಯಾರಾದರೂ ನಮಗೆ ಕನ್ನಡದಲ್ಲಿ ಹೇಳಿದ್ದರೆ ಎರಡು ಮಾರ್ಕು ಉಳಿಯುತ್ತಿತ್ತು.

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಬೋರಲು ಮಾಡುವಾಗ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಹಸುವಿಗೆ ಇವೆರಡೂ ಬೆಸೆದುಕೊಂಡಿವೆ, ಆದ್ದರಿಂದ ಅದರ ಮುಂಗಾಲು ಎಂದೆಂದಿಗೂ ಬೋರಲೇ. ಈ ಆಟದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳನ್ನು ಒಂದು ಕೈ ಹಿಡಿದು ಎತ್ತಬೇಡಿ, ಜಗ್ಗಬೇಡಿ. ಜಾತ್ರೆಯಲ್ಲಿ ಬಸ್ಸು ಹತ್ತಿಸುವಾಗ ಹೀಗೆ ಮಾಡುತ್ತೇವೆ. ಮೊಣಕೈಯ ಹತ್ತಿರ ಮೂಳೆಯನ್ನು ಸುತ್ತಿದ ಕಟ್ಟು ಜಾರುತ್ತದೆ. ಮಗು ಕೈ ಬೋರಲಾಗಿ ಜೋತುಬಿಟ್ಟು ಅಳುತ್ತದೆ, ಕೈ ಎತ್ತುವುದೇ ಇಲ್ಲ. ಮೂಳೆ ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ತಿಳಿದ ಡಾಕ್ಟರು ಅರೆನಿಮಿಷದಲ್ಲಿ ತಿರುವಿ ಕೂರಿಸುತ್ತಾರೆ. ಮನೆಯಲ್ಲಿ ನೀವೇ ತಿರುವಲು ಹೋಗಬೇಡಿ. ಇನ್ನೊಂದು, ದೊಡ್ಡವರಾಗಲಿ ಮಕ್ಕಳಾಗಲಿ ಮೊಣಕೈಗೆ ಪೆಟ್ಟಾದಾಗ ಎಣ್ಣೆ ಹಚ್ಚಿ ತಿಕ್ಕಿ ಜಗ್ಗಿಸಬೇಡಿ. ಸ್ನಾಯುವಿನೊಳಗೇ ಮೂಳೆ ಬೆಳೆದು ಮೊಣಕೈ ಮರದ ಗೂಟದಂತಾದದ್ದನ್ನು ನಾವು ಕಂಡಿದ್ದೇವೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 1981ರಲ್ಲಿ ಅಳೆದು ತೋರಿಸಿದ ಲೆಕ್ಕವೊಂದಿದೆ. ಮೊಣಕೈ 30ರಿಂದ 130 ಡಿಗ್ರಿವರೆಗೆ ಆಡಿದರೆ, ಅಂಗಾತ 50, ಬೋರಲು 50 ತಿರುಗಿದರೆ, ದಿನದ ಬಹುತೇಕ ಕೆಲಸ ನಡೆಯುತ್ತದೆ. ಅಂದರೆ ಪೂರ್ತಿ ನೆಟ್ಟಗಾಗದಿದ್ದರೂ ಬದುಕು ನಿಲ್ಲುವುದಿಲ್ಲ. ಪೆಟ್ಟಾದ ಮೊಣಕೈಯನ್ನು ಬಲವಂತವಾಗಿ ನೆಟ್ಟಗೆ ಮಾಡಲು ಹೋಗಿ ಇರುವ ಆಟವನ್ನೂ ಕಳೆದುಕೊಳ್ಳುವುದು ಬೇಡ.

ಪಾದಕ್ಕೆ ಬಂದರೆ ಮಡಚು, ನೀಡು ಎಂಬ ಮಾತು ಗೊಂದಲ ಮಾಡುತ್ತದೆ. ಪಾದವನ್ನು ಮೇಲಕ್ಕೆತ್ತಿ ಹಿಮ್ಮಡಿಯ ಮೇಲೆ ನಿಂತರೆ ಡಾರ್ಸಿಫ್ಲೆಕ್ಷನ್, ತುದಿಗಾಲಲ್ಲಿ ನಿಂತರೆ ಪ್ಲಾಂಟಾರ್ ಫ್ಲೆಕ್ಷನ್. ನಾವು ಹಿಮ್ಮಡಿಗಾಲು, ತುದಿಗಾಲು ಎನ್ನೋಣ. ತುದಿಗಾಲಿಗೆ ಸುಮಾರು 50 ಡಿಗ್ರಿ, ಹಿಮ್ಮಡಿಗಾಲಿಗೆ ಬರೀ 20. ಆ 20 ಸಣ್ಣ ಲೆಕ್ಕ ಎಂದುಕೊಳ್ಳಬೇಡಿ. ಕುಕ್ಕರಗಾಲಲ್ಲಿ ಹಿಮ್ಮಡಿ ಊರಿ ಕೂರುವುದು ಅದರಿಂದಲೇ. ಬಯಲಿಗೆ ಹೋಗುವುದಾಗಲಿ, ಪೈರು ನಾಟಿ ಕಳೆ ಕೀಳುವುದಾಗಲಿ, ಒಲೆ ಮುಂದೆ ಕೂರುವುದಾಗಲಿ ಅದು ಬೇಕು. ಕಾಲು ಮುರಿದು ಹಿಟ್ಟಿನ ಪಟ್ಟಿ ಹಾಕುವಾಗ ಪಾದ ತುದಿಗಾಲಿನಂತೆ ಕೆಳಕ್ಕೆ ಬಾಗಿದ್ದರೆ ಆರು ವಾರದಲ್ಲಿ ಹಿಂದಿನ ಹುರಿ ಗಿಡ್ಡವಾಗುತ್ತದೆ, ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಪಟ್ಟಿ ಹಾಕುವಾಗಲೇ, "ಪಾದ ನೆಟ್ಟಗೆ ಇದೆಯಾ ಸಾರ್" ಎಂದು ಕೇಳಿ. ಕೆಲವು ಮುರಿತಗಳಿಗೆ ಬೇಕೆಂದೇ ಹಾಗೆ ಬಾಗಿಸಿ ಹಾಕುತ್ತಾರೆ, ಆಗ ಅವರೇ ಕಾರಣ ಹೇಳುತ್ತಾರೆ.

ಗದ್ದೆಯಲ್ಲಿ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ಎದ್ದ ಮೇಲೆ ಪಾದವನ್ನು ಮೇಲಕ್ಕೆತ್ತಲು ಆಗದೆ, ಚಪ್ಪಲಿ ತಾನಾಗಿ ಜಾರಿಹೋದರೆ ಅದು ಕೀಲಿನ ತೊಂದರೆಯಲ್ಲ, ಮಂಡಿಯ ಹೊರಬದಿಯಲ್ಲಿ ಹಾಯುವ ನರ ಒತ್ತಿಹೋಗಿದೆ. ಬೆನ್ನಿನ ತೊಂದರೆಯಿಂದಲೂ, ಸಕ್ಕರೆ ಕಾಯಿಲೆಯಿಂದಲೂ, ಕುಷ್ಠದಿಂದಲೂ ಹೀಗಾಗಬಹುದು. ಜೋಮು ಹಿಡಿದಿದೆ, ನಾಳೆ ಸರಿಹೋಗ್ತದೆ ಎಂದು ವಾರಗಟ್ಟಲೆ ಕಾಯಬೇಡಿ. ಕಾಲು ಉಳುಕುವುದು ಸಾಮಾನ್ಯವಾಗಿ ಪಾದ ಒಳಮಗ್ಗುಲಾಗಿ ಮಗುಚಿದಾಗ, ಹರಿಯುವುದು ಹೊರಬದಿಯ ಕಟ್ಟು. ಉಳುಕಿದ ಮೇಲೆ ನಾಲ್ಕು ಹೆಜ್ಜೆ ಊರಲೂ ಆಗದಿದ್ದರೆ ಎಕ್ಸ್-ರೇ ತೆಗೆಸಬೇಕು.

ಕೊನೆಗೆ ಹೆಬ್ಬೆರಳು. ಹೆಬ್ಬೆರಳು ತಿರುಗಿ ಬಂದು ಉಳಿದ ಬೆರಳುಗಳ ತುದಿ ಮುಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಎದುರಾಗುವುದು ಎಂಬ ಅರ್ಥದ ಹೆಸರಿದೆ. ನಾವು ಎಣಿಸುವಾಗ ಹೆಬ್ಬೆರಳಿಂದ ಬೆರಳ ಗೆಣ್ಣು ಮುಟ್ಟುತ್ತೇವಲ್ಲ, ಅದೇ. ನಿಮ್ಮಲ್ಲಿ ಅನೇಕರು ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ಮೊಲೆತೊಟ್ಟು ಒತ್ತಿ ಕರೆಯುತ್ತೀರಿ. ತೊಟ್ಟಿಗೆ ಪೆಟ್ಟಾಗುತ್ತದೆ, ಪೂರ್ತಿ ಮುಷ್ಟಿಯಲ್ಲಿ ಕರೆಯಿರಿ ಎಂದು ಪಶುವೈದ್ಯರು ಹೇಳಿ ಹೇಳಿ ಸೋತಿದ್ದಾರೆ. ನಿಮ್ಮ ಹೆಬ್ಬೆರಳಿಗೂ ಅದು ಒಳ್ಳೆಯದಲ್ಲ ಎಂದು ನಾವು ಸೇರಿಸುತ್ತೇವೆ. ಹೆಬ್ಬೆರಳನ್ನು ಅಗಲಿಸುವ, ನೀಡುವ ಎರಡು ಹುರಿಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಕಿರಿದಾದ ಕೊಳವೆಯಲ್ಲಿ ಹಾಯುತ್ತವೆ. ಅದು ಊದಿದರೆ ಬರುವ ನೋವನ್ನು 1895ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಕ್ವೆರ್ವೇನ್ ಎಂಬ ವೈದ್ಯರು ವಿವರಿಸಿದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲನೆ ಬಾಗಿಸಿ ನೋಡಿ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಚುಳ್ಳೆಂದರೆ ಶಿಬಿರದಲ್ಲಿ ಅದನ್ನು ಹೇಳಿ. ಆಗಲೇ ಎರಡನೇ ಸಾಲಿನಲ್ಲಿ ಮೂರ್ನಾಲ್ಕು ಮುಖ ಹಿಂಡಿದ್ದು ನಮಗೆ ಕಂಡಿತು!

ತಪಾಸಣೆಗೆ ಬಂದಾಗ ಹೇಗೆ ಹೇಳಬೇಕು ಎಂಬುದು ಈಗ ನಿಮಗೇ ತಿಳಿದಿರಬೇಕು. "ಮಂಡಿ ನೋವು" ಎಂದು ನಿಲ್ಲಿಸಬೇಡಿ. ಮಡಚಿದರೆ ನೋವೋ, ನೀಡಿದರೆ ನೋವೋ, ಮೆಟ್ಟಿಲು ಇಳಿಯುವಾಗಲೋ ಹತ್ತುವಾಗಲೋ, ಯಾವ ಕೆಲಸ ಬಿಟ್ಟಿದ್ದೀರಿ, ಯಾವಾಗಿನಿಂದ ಬಿಟ್ಟಿದ್ದೀರಿ ಹೇಳಿ. ಇನ್ನೊಂದು ಮಾತು ಮುಖ್ಯ. ಕೈ ನೀವೇ ಎತ್ತಿದರೆ ಬರುವುದಿಲ್ಲ, ಮನೆಯವರು ಹಿಡಿದು ಎತ್ತಿದರೆ ಬರುತ್ತದೆ ಎಂದಾದರೆ ಸ್ನಾಯು, ಹುರಿ ಅಥವಾ ನರದ ತೊಂದರೆ ಇರಬಹುದು. ಯಾರು ಎತ್ತಿದರೂ ಬರುವುದಿಲ್ಲ ಎಂದರೆ ಕೀಲೇ ಬಿಗಿದಿರಬಹುದು. ಎರಡರ ದಾರಿಯೂ ಬೇರೆ. ಕೀಲು ಕೆಂಪಾಗಿ ಊದಿ, ಮುಟ್ಟಿದರೆ ಬಿಸಿಯಾಗಿ, ಜೊತೆಗೆ ಜ್ವರವೂ ಇದ್ದರೆ ಯಾವ ಆಟ ಎಂದು ನೋಡುತ್ತಾ ಕೂರದೆ ಆವತ್ತೇ ಆಸ್ಪತ್ರೆಗೆ ಹೋಗಿ.

ಅಂಗವಿಕಲರ ಪ್ರಮಾಣಪತ್ರಕ್ಕೆ ಹೋಗುವವರಿಗೂ ಇದು ಬೇಕಾದದ್ದು. 2016ರ ಕಾಯ್ದೆಯ ಪ್ರಕಾರ ಬಹಳಷ್ಟು ಸವಲತ್ತುಗಳಿಗೆ ಶೇಕಡಾ 40 ವೈಕಲ್ಯ ಇರಬೇಕು. ಕೈಕಾಲಿನ ವೈಕಲ್ಯದಲ್ಲಿ ಕೀಲಿನ ಆಟ ಎಷ್ಟು ಕಳೆದಿದೆ, ಬಲ ಎಷ್ಟು ಕಳೆದಿದೆ ಎಂದು ಅಳೆದೇ ಲೆಕ್ಕ ಹಾಕುತ್ತಾರೆ. "ಕೈ ಆಡಲ್ಲ ಸಾರ್" ಎಂದು ಹೇಳಿ ಸುಮ್ಮನೆ ನಿಲ್ಲಬೇಡಿ. ಮಡಚು, ನೀಡು, ಅಗಲಿಸು, ತಿರುಗಿಸು, ಅಂಗಾತ, ಬೋರಲು ಒಂದೊಂದನ್ನೂ ಅಳೆದರೇ ಎಂದು ನೋಡಿಕೊಳ್ಳಿ. ಬಿಟ್ಟಿದ್ದರೆ ಮರ್ಯಾದೆಯಿಂದ ಕೇಳಿ.

ನಮ್ಮವ್ವನ ಹೆಗಲು ಏನಾಯಿತು ಎಂದು ಮುಂದಿನ ಸಾಲಿನ ಅಮ್ಮನವರು ಆಗಲೇ ಸನ್ನೆ ಮಾಡಿ ಕೇಳಿದರು. ಈ ಕಾಯಿಲೆ ಬಿಗಿಯುವುದಕ್ಕೆ ತಿಂಗಳುಗಟ್ಟಲೆ, ಬಿಡುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಸಕ್ಕರೆ ಹಿಡಿತಕ್ಕೆ ಬಂತು, ದಿನಾ ವ್ಯಾಯಾಮ ಮಾಡಿದರು, ಎರಡು ವರ್ಷದಲ್ಲಿ ಕೈ ತಲೆಯ ಹಿಂದಕ್ಕೆ ಹೋಯಿತು. ಮೇಲಕ್ಕೆ ಎತ್ತುವುದು 180ಕ್ಕೆ ಬರಲಿಲ್ಲ, 150ಕ್ಕೆ ನಿಂತಿತು. ಅಟ್ಟದ ಮೇಲಿನ ಡಬ್ಬ ಮಾತ್ರ ಇವತ್ತಿಗೂ ತಂಗಿಯೇ ತೆಗೆದುಕೊಡಬೇಕು. ತುರುಬು ಅವರೇ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಕಂಬದ ಪಕ್ಕ ಕೂತಿದ್ದಾರೆ, ಬೇಕಾದರೆ ನೋಡಿ.

ಊಟವಾದ ಮೇಲೆ ಶಾಲೆಯ ದೊಡ್ಡ ಕೊಠಡಿಯಲ್ಲಿ ಗಂಡಸರನ್ನೂ, ಒಳಗಿನ ಕೊಠಡಿಯಲ್ಲಿ ಹೆಂಗಸರನ್ನೂ ನೋಡುತ್ತೇವೆ. ಒಳಗೆ ನಮ್ಮ ಜೊತೆ ಬಂದಿರುವ ಮೇಡಂ ಇರುತ್ತಾರೆ. ಹಳೆಯ ಚೀಟಿ, ಎಕ್ಸ್-ರೇ ಮನೆಯ ಗೂಡಿನಲ್ಲಿದ್ದರೆ ಊಟಕ್ಕೆ ಹೋದಾಗ ಮರೆಯದೆ ತನ್ನಿ, ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುತ್ತೇವೆ.